ಆಮೆ ಓಟದ ತೀರ್ಪುಗಾರ್ತಿ

ರಾಜೀವಿಗೆ ಮಕ್ಕಳೆಂದರೆ ಅಷ್ಟಕ್ಕಷ್ಟೆ. ಮಕ್ಕಳನ್ನು ಹೆತ್ತವರೆಂದರೆ ಅಷ್ಟೂ ಇಲ್ಲ. ಅಂಥವಳು ಅರುವತ್ತು ದಾಟಿದ ಮೇಲೆ ತಿರುವನಂತಪುರದ ಹೊರವಲಯದ ಕಳಕ್ಕೂಟಂನ ಫ್ಲಾಟುಗಳ ಚಿಳ್ಳೆಪಿಳ್ಳೆಗಳಿಗೆ ಬೆಕ್ಕು, ಹಾವು, ಆಮೆಗಳ ಆಸನ ಹೇಳಿಕೊಡುವ ಟೀಚರಾದಳು. ಅದಕ್ಕೆ ಅವಳ ಗಂಡ ಗಣೇಶಪ್ರಸಾದ್ ಕೊಡುತ್ತಿದ್ದ ಕಾರಣ ಒಂದೇ: "ಅವಳಿಗೆ ತಾತ್ಸಾರ ಮಾಡ್ಲಿಕ್ಕೆ ದಿನಕ್ಕೆ ಇಷ್ಟು ಜನ ಅಂತ ಬೇಕು. ರಿಟೈರ್ ಆದ ಮೇಲೆ ನಾನೊಬ್ಬನೇ ಉಳಿದದ್ದು. ನನ್ನಿಂದ ಪೂರೈಸುದಿಲ್ಲ."

ಬದಿಯಡ್ಕದ ಕಡೆಯ ಹುಡುಗಿ ಅವಳು. ಕನ್ನಡ ಶಾಲೆಯಲ್ಲಿ ಕಲಿತು, ಕಾಸರಗೋಡಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಎರ್ನಾಕುಳಕ್ಕೆ ಬಂದಳು. ಅಲ್ಲಿ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಾಸರಗೋಡಿನಿಂದ ಬರುವ ಜಾಗದ ತಕರಾರುಗಳ ಹಳೆಯ ಕನ್ನಡ ದಸ್ತಾವೇಜುಗಳನ್ನು ಇಂಗ್ಲಿಷಿಗೆ ತರುವ ಕೆಲಸ. ಒಂದು ಶಬ್ದ ಆಚೀಚೆಯಾದರೆ ಒಬ್ಬನ ಬಾವಿ ಇನ್ನೊಬ್ಬನ ಪಾಲಾಗುವ ಕೆಲಸ ಅದು. ಮೂವತ್ತು ವರ್ಷ ಅದನ್ನೇ ಮಾಡಿದಳು. ಹಾಗಾಗಿ ಸಡಿಲವಾಗಿ ಮಾತಾಡುವವರನ್ನು ಕಂಡರೆ ಅವಳ ಮೂಗು ತನ್ನಷ್ಟಕ್ಕೇ ಮುರಿಯುತ್ತಿತ್ತು. ಸಡಿಲವಾಗಿ ಮಾತಾಡದವರಾದರೂ ಲೋಕದಲ್ಲಿ ಎಷ್ಟು ಮಂದಿ?

ಕೂತು ಕೂತು ಸೊಂಟ ಹಿಡಿದುಕೊಂಡಾಗ ಕನ್ನಡ ಸಂಘದ ಚಂದ್ರಮ್ಮ ಎಂಬ ಮೈಸೂರಿನ ಮುದುಕಿ ಅವಳನ್ನು ಚಾಪೆಯ ಮೇಲೆ ಮಲಗಿಸಿ ಯೋಗ ಕಲಿಸಿದ್ದರು. ಚಂದ್ರಮ್ಮ ಹೆಚ್ಚು ಮಾತಾಡುತ್ತಿರಲಿಲ್ಲ. ಕಾಲೆತ್ತು ಎಂದರೆ ಎತ್ತಬೇಕು, ಇಳಿಸು ಎನ್ನುವ ತನಕ ಇಳಿಸಬಾರದು. ಆಗಾಗ "ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ ನಿನ್ನನ್ನ?" ಎಂದು ಕೇಳುವುದು, ಅಷ್ಟೆ. ರಾಜೀವಿ ಜೀವಮಾನದಲ್ಲಿ ಮೂಗು ಮುರಿಯದೆ ನೆನೆಸಿಕೊಳ್ಳುತ್ತಿದ್ದ ಕೆಲವೇ ಮಂದಿಯಲ್ಲಿ ಈ ಮುದುಕಿಯೂ ಒಬ್ಬಳು.

ಗಣೇಶಪ್ರಸಾದ್ ಮದುವೆಯಾದ ಮೇಲೆ ತಿರುವನಂತಪುರಕ್ಕೆ ವರ್ಗವಾಗಿ, ಸರಕಾರದ ಕಾನೂನು ಇಲಾಖೆಯಲ್ಲಿದ್ದು ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುತ್ತಿದ್ದವನು. ಅವಳ ಕೆಲಸ ಮುಗಿದ ಮೇಲೆ ಇಬ್ಬರೂ ಅಲ್ಲಿನ ಉಳ್ಳೂರಿನ ಮನೆಯಲ್ಲಿ ಒಟ್ಟಾದರು. ಮೆಡಿಕಲ್ ಕಾಲೇಜಿಗೆ ಹತ್ತಿರದ ಮನೆಯಾದ್ದರಿಂದ ಊರಿನ ನೆಂಟರಿಗೆ ಕಾಯಿಲೆ ಬಂದಾಗಲೆಲ್ಲ ಇವರ ನೆನಪು ಬರುತ್ತಿತ್ತು. ಅವರ ಮಾತ್ರೆ, ಸ್ಕ್ಯಾನ್, ಡಾಕ್ಟರರ ಗುಣಗಾನ ಕೇಳಿ ರಾಜೀವಿಗೆ ತಲೆ ಚಿಟ್ಟು ಹಿಡಿದಿತ್ತು. ಅಂಥ ಹೊತ್ತಿನಲ್ಲೇ ಅಲ್ಲಿನ ಕನ್ನಡಿಗರ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಿಂಚನಾ ಸಿಕ್ಕಿದಳು.

ಸಿಂಚನಾ ಬೆಂಗಳೂರಿನವಳು, ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ. ನೆಲದ ಮೇಲೆ ಊಟಕ್ಕೆ ಕೂತಿದ್ದ ಈ ವಯಸ್ಸಿನ ಹೆಂಗಸು ಕೈ ಊರದೆ ಎದ್ದದ್ದನ್ನು ನೋಡಿ ಅವಳ ಕಣ್ಣು ಅರಳಿತು.

"ಆಂಟಿ, ವಾವ್! ನೀವು ಯೋಗ ಮಾಡ್ತೀರಾ? ನನ್ನ ಮಗನಿಗೆ ನಿಮ್ಮಂಥೋರೇ ಬೇಕು. ಒಂದ್ ಕಡೆ ಕೂರಲ್ಲ. ಫೋಕಸ್ಸೇ ಇಲ್ಲ."

"ವಯಸ್ಸೆಷ್ಟು?"

"ಏಳು."

"ಏಳು ವರ್ಷದವ ಒಂದು ಕಡೆ ಕೂತರೆ ಜ್ವರ ಉಂಟಾ ಅಂತ ನೋಡ್ಬೇಕು," ಎಂದಳು ರಾಜೀವಿ. ಸಿಂಚನಾ ಅದನ್ನು ತಮಾಷೆಯೆಂದುಕೊಂಡು ನಕ್ಕಳು. ವಾರದೊಳಗೆ ವಿನಾಯಕ್ ಎಂಬವನನ್ನು ಕರೆದುಕೊಂಡು ಉಳ್ಳೂರಿನ ಮನೆಗೇ ಬಂದಳು.

ವಿನಾಯಕ್ ಹುಬ್ಬಳ್ಳಿಯವನು. ಕಂಪನಿ ಕೆಲಸ ಬಿಟ್ಟು, ಕಳಕ್ಕೂಟಂನ ಒಂದು ದೊಡ್ಡ ಫ್ಲಾಟು ಸಮುಚ್ಚಯದ ಕ್ಲಬ್‌ಹೌಸಿನಲ್ಲಿ 'ಸ್ಲೋ ಕಬ್ಸ್' ಎಂಬ ಹೆಸರಿನಲ್ಲಿ ಮಕ್ಕಳ ತರಗತಿ ಶುರು ಮಾಡಿದ್ದ. ಲಿನನ್ ಜುಬ್ಬಾ, ಮಣಿಕಟ್ಟಿಗೆ ಮಣಿಸರ, ಮಾತಿನ ಮಧ್ಯೆ ಎದೆಯ ಮೇಲೆ ಕೈ. ಯಾರೋ ಈಗಷ್ಟೇ ತೀರಿಕೊಂಡಂಥ ಮೆಲುದನಿ.

"ಇದು ಬರೇ ಯೋಗ ಅಲ್ರೀ ಮೇಡಂ, ಮೈಂಡ್‌ಫುಲ್‌ನೆಸ್. ಪ್ರಾಣಿಗಳ ಥೀಮ್ ಇಟ್ಕೊಂಡು ಮಕ್ಕಳನ್ನ ಸ್ಲೋ ಮಾಡೋದು."

"ಹಾಗಂದ್ರೆ ಎಂತ?"

"ಅಂದ್ರ... ಈ ಕ್ಷಣದಾಗ ಇರೋದು ರೀ."

"ಮತ್ತೆ ಈಗ ನಾವು ಎಲ್ಲಿದ್ದೇವೆ? ನಾಡಿದ್ದಿನಲ್ಲಿ ಇದ್ದೇವಾ?"

ವಿನಾಯಕ್ ಕಣ್ಣು ಮುಚ್ಚಿ ತಲೆದೂಗಿದ. ಮರುದಿನ ಅವನ ಪೋಸ್ಟರಿನಲ್ಲಿ ಅವಳ ಮಾತು ಸೂರ್ಯಾಸ್ತದ ಚಿತ್ರದ ಮೇಲೆ ಇಂಗ್ಲಿಷಿನಲ್ಲಿ ಕೂತಿತ್ತು. ಕದ್ದರೂ ನೆಟ್ಟಗೆ ಕದಿಯಲು ಬರಲಿಲ್ಲ ಮೂರ್ಖನಿಗೆ, ಪ್ರಶ್ನಾರ್ಥಕ ಚಿಹ್ನೆಯನ್ನು ಬಿಟ್ಟಿದ್ದ.

ಆದರೂ ಅವಳು ಹೋದಳು. ಮೊದಲ ದಿನ ಕ್ಲಬ್‌ಹೌಸಿನಲ್ಲಿ ಏನೇನು ಕಾದಿತ್ತೆಂದರೆ: ಪ್ರಾಣಿಗಳ ಮುಖ ಅಚ್ಚು ಹಾಕಿದ ಮ್ಯಾಟು, ಲಾವಂಚದ ಅಗರಬತ್ತಿ, ಸ್ಪೀಕರಿನಿಂದ ಹಕ್ಕಿಗಳ ಚಿಲಿಪಿಲಿ. ರಾಜೀವಿ ಮೊದಲು ಸ್ಪೀಕರಿನ ಕಿವಿ ಹಿಂಡಿದಳು.

"ಹೊರಗೆ ನಿಜವಾದ ಕಾಗೆ ಕೂಗ್ತಾ ಉಂಟು. ಅದು ಸಾಕು."

ಆಮೇಲೆ ಮಕ್ಕಳನ್ನು ನಾಲ್ಕು ಕಾಲಿನ ಮೇಲೆ ನಿಲ್ಲಿಸಿದಳು. ಅಲ್ಲಿನವರೆಗೆ ಅವರಿಗೆ ಯೋಗವೆಂದರೆ ಮಿಯಾಂವ್ ಎನ್ನುವುದು, ವಿನಾಯಕ್ ಮಾಮ ಚಪ್ಪಾಳೆ ತಟ್ಟುವುದು.

"ಬೆಕ್ಕು ನಿಮ್ಮನ್ನು ನೋಡಿ ನಗ್ತದಾ? ಇಲ್ಲ. ನೀವೂ ನಗಬೇಡಿ. ಬೆನ್ನು ಏಳಿಸಿ. ಸೊಂಟದಿಂದ ಶುರು ಮಾಡಿ, ಒಂದೊಂದೇ ಗಂಟು. ಕುತ್ತಿಗೆ ಕೊನೆಗೆ. ಯಾರದ್ದು ಮೊದಲು ಆಯ್ತು ಅಂತ ನನಗೆ ಹೇಳುದು ಬೇಡ, ನನಗೆ ಅದರ ಅಗತ್ಯ ಇಲ್ಲ."

ಹಾವಿನ ಸರದಿ ಬಂದಾಗ ಒಬ್ಬಳು ಹುಡುಗಿ ಅಂಗೈ ಊರಿ ಎದೆಯೆತ್ತಿದಳು. "ಹಾವಿಗೆ ಕೈ ಉಂಟಾ? ಕೈ ಊರಿ ಎದ್ದರೆ ಅದು ಓತಿ. ಬೆನ್ನಿನ ಬಲದಿಂದ ಏಳು. ಎದ್ದಷ್ಟೇ ಸಾಕು."

ಸೂಪರ್‌ಸ್ಟಾರ್, ಗುಡ್ ಜಾಬ್, ಅಮೇಜಿಂಗ್ ಎಂಬ ಮಾತುಗಳನ್ನು ಉಸಿರಾಡಿದಂತೆ ಕೇಳಿ ಬೆಳೆದ ಮಕ್ಕಳವು. ಹೊಗಳಿಕೆಯೇ ಇಲ್ಲದ, ಬೈಗುಳವೂ ಅಲ್ಲದ ಈ ಒಣ ದನಿಗೆ ಅವು ಬೆರಗಾದವು. ಈ ಅಜ್ಜಿಯನ್ನು ಮೆಚ್ಚಿಸಲು ಆಗುವುದಿಲ್ಲವೆಂದು ತಿಳಿದ ಕೂಡಲೇ ಮೆಚ್ಚಿಸುವ ಯತ್ನವನ್ನೇ ಬಿಟ್ಟವು. ಬಿಟ್ಟಾಗ ಅವುಗಳಿಗೆ ತಮ್ಮ ಬೆನ್ನು, ಹಿಮ್ಮಡಿ, ಕಂಕುಳ ನೆನಪಾಯಿತು. ಕೋಣೆ ನಿಶ್ಶಬ್ದವಾಯಿತು. ಗಾಜಿನ ಗೋಡೆಯಾಚೆ ನಿಂತಿದ್ದ ವಿನಾಯಕನ ಕಣ್ಣಲ್ಲಿ ನೀರು ಬಂತು, ಅದನ್ನು ಅವನು ವಿಡಿಯೊ ಮಾಡಿಕೊಂಡ.

ತರಗತಿ ಹೆಸರು ಮಾಡಿತು. ಹೆಸರು ಮಾಡಿದ್ದೇ ಹೆತ್ತವರು ನೆರೆದರು. ಗಾಜಿನಾಚೆ ಸೋಫಾಗಳಲ್ಲಿ ಕೂತು, ಮಕ್ಕಳು ಮೊಬೈಲ್ ನೋಡುವುದನ್ನು ಬಿಡಲಿ ಎಂದು ಹರಸುತ್ತ ಮೊಬೈಲ್ ನೋಡುತ್ತಿದ್ದರು. ವಿನಾಯಕ್ 'ಶಾಂತ ಮರಿ' ಎಂಬ ಬ್ಯಾಡ್ಜ್ ಹಂಚತೊಡಗಿದ ಮೇಲಂತೂ ಕೇಳುವುದೇ ಬೇಡ. ಒಬ್ಬ ತಂದೆ, ಐಟಿ ಪಾರ್ಕಿನಲ್ಲಿ ಏನೋ ದೊಡ್ಡ ಹುದ್ದೆಯವನಂತೆ, ರಾಜೀವಿಯನ್ನು ಮೆಟ್ಟಲ ಬಳಿ ತಡೆದು ಗಂಭೀರವಾಗಿ ಕೇಳಿದ: "ಶಾಂತಿಯಲ್ಲಿ ನಮ್ಮ ಮಗಳು ಕ್ಲಾಸಿನಲ್ಲಿ ಎಷ್ಟನೆಯವಳು?"

ಅವಳು ಅವನನ್ನು ನೆತ್ತಿಯಿಂದ ಬೂಟಿನವರೆಗೆ ಒಮ್ಮೆ ನೋಡಿ, ಮಲಯಾಳಂನಲ್ಲಿ, "ನೀವು ಎಷ್ಟನೆಯವರೆಂದು ಮಾತ್ರ ನನಗೆ ಈಗ ಗೊತ್ತಾಯಿತು," ಎಂದು ಹೇಳಿ ಇಳಿದುಹೋದಳು.

ಸಿಂಚನಾಳ ಮಗನ ಹೆಸರು ಪ್ರಥಮ್. ಹೆಸರಿನಲ್ಲೇ ಹೆತ್ತವರ ಬೇಡಿಕೆ ನೋಂದಣಿಯಾಗಿತ್ತು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಬರುತ್ತಿದ್ದದ್ದು ಮಲಯಾಳಂನಲ್ಲಿ. ಪ್ರತಿ ಸಲ ಬಾಗಿಲಲ್ಲಿ ಅವನದೊಂದು "ವೇಂಡ", ಅಂದರೆ ಬೇಡ. ಪ್ರತಿ ಸಲ ಸಿಂಚನಾಳದೊಂದು "ಹೋಗು ಕಂದಾ, ಬೇಗ ಬೇಗ ರಿಲ್ಯಾಕ್ಸ್ ಮಾಡು, ಆಮೇಲೆ ಕೋಡಿಂಗ್ ಕ್ಲಾಸಿದೆ." ರಾಜೀವಿಗೆ ಆ "ವೇಂಡ" ಬಾಗಿಲಿನ ಕಿರಗುಟ್ಟುವಿಕೆಯಂತೆ ಅಭ್ಯಾಸವಾಗಿತ್ತು. ಆದರೆ ಹುಡುಗ ಆಮೆಯಾದಾಗ ಮಾತ್ರ ಅವಳು ಅವನ ಕಡೆ ನೋಡುತ್ತಿದ್ದಳು. ಕಾಲುಗಳ ಕೆಳಗೆ ತೋಳು ತೂರಿಸಿ, ಹಣೆ ನೆಲಕ್ಕೆ ತಾಗಿಸಿ ಒಳಗೆ ಹೋದನೆಂದರೆ ಬೇರೆಯವರೆಲ್ಲ ಎದ್ದರೂ ಅವನು ಬರುತ್ತಿರಲಿಲ್ಲ. ಅವಳೂ ಎಬ್ಬಿಸುತ್ತಿರಲಿಲ್ಲ.

ಇಷ್ಟರಲ್ಲಿ ವಿನಾಯಕ್ ಕೊಚ್ಚಿಯಲ್ಲಿ ಇನ್ನೊಂದು ಶಾಖೆ ತೆರೆದ. ಎರಡೂ ಊರಿನ ಮಕ್ಕಳನ್ನು ಸೇರಿಸಿ ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಹಳೆಯ ಗೋದಾಮಿನಲ್ಲಿ ಹಬ್ಬ ಮಾಡುತ್ತೇನೆಂದ. ಹಬ್ಬದ ಮುಖ್ಯ ಆಕರ್ಷಣೆ ಆಮೆಗಳ ಓಟ. ತೀರ್ಪುಗಾರ್ತಿ ರಾಜೀವಿ ಮೇಡಂ.

"ಆಮೆ ಎಂತಕ್ಕೆ ಓಡುದು? ಅದಕ್ಕೆ ಬೇರೆ ಕೆಲಸ ಇಲ್ವಾ?"

"ಅಲ್ಲೇ ಐತ್ರಿ ಟ್ವಿಸ್ಟು! ಕಡೀಗೆ ಮುಟ್ಟಿದವ್ರೇ ಗೆಲ್ಲೋದು. ಆದ್ರ ನಿಲ್ಲಂಗಿಲ್ಲ. ನಿಂತ್ರ ಔಟ್."

ಮನೆಗೆ ಬಂದು ಗಂಡನ ಮುಂದೆ ಉರಿದುಬಿದ್ದಳು. ಅವನು ಹಲಸಿನ ಚಿಪ್ಸ್ ತಿನ್ನುತ್ತಿದ್ದವನು ಕೈ ಕೊಡವಿ, "ನಿಧಾನಕ್ಕೆ ಕಪ್ ಕೊಡುದು ಅಂದ್ರೆ ಸಣ್ಣ ವಿಷಯವಾ? ಹೋಗು ಮಾರಾಯ್ತಿ. ನೀನು ಹೋಗದಿದ್ದರೆ ನಾನು ಹೋಗ್ತೇನೆ," ಎಂದ. ನಿಜ ಹೇಳಬೇಕೆಂದರೆ ಅವಳಿಗೂ ನೋಡುವ ಚಪಲವಿತ್ತು. ತಿರಸ್ಕಾರಕ್ಕೂ ಹಸಿವೆಂಬುದಿರುತ್ತದೆ.

ಗೋದಾಮಿನ ಸಿಮೆಂಟು ನೆಲದ ಮೇಲೆ ಹಸಿರು ಹಾಸು. ಮಕ್ಕಳ ಬೆನ್ನಿಗೆ ಸ್ಪಂಜಿನ ಚಿಪ್ಪು ಕಟ್ಟಿ ಸಾಲಾಗಿ ಅಂಬೆಗಾಲಿನಲ್ಲಿ ನಿಲ್ಲಿಸಿದ್ದರು. ಎರಡೂ ಬದಿಗೆ ಹಗ್ಗ, ಹಗ್ಗದಾಚೆ ಹೆತ್ತವರು. ವಿನಾಯಕ್ ಸಣ್ಣ ಗಂಟೆಯೊಂದನ್ನು ಬಾರಿಸಿ, "ನಿಮ್ಮ ಒಳಗಿನ ಆಮೆಗೆ ಶರಣಾಗಿ," ಎಂದು ಇಂಗ್ಲಿಷಿನಲ್ಲಿ ಉಸುರಿದ. ಓಟ ಶುರುವಾಯಿತು.

ಅಷ್ಟರವರೆಗೆ ಮೆಲ್ಲಗೆ ಮಾತಾಡುತ್ತಿದ್ದ ಜನ ಒಮ್ಮೆಲೇ ಬೊಬ್ಬೆ ಹೊಡೆಯತೊಡಗಿದರು.

"ಪದುಕ್ಕೆ ಮೋನೇ, ಪದುಕ್ಕೆ!" ಮೆಲ್ಲಗೆ ಮಗನೇ, ಮೆಲ್ಲಗೆ.

"ಸ್ಲೋ! ಇನ್ನೂ ಸ್ಲೋ!"

ಮಕ್ಕಳು ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ನಡುಗತೊಡಗಿದವು. ಹೆಜ್ಜೆಗೊಂದು ತಕರಾರು. ಒಬ್ಬ ತಾಯಿ ತನ್ನ ಮೊಬೈಲಿನ ವಿಡಿಯೊ ಹಿಡಿದು ತೀರ್ಪುಗಾರ್ತಿಯ ಮೇಜಿಗೇ ಬಂದಳು: ಮೂರನೆಯ ಸಾಲಿನ ಹುಡುಗ ಪೂರಾ ನಿಂತಿದ್ದ, ಔಟ್ ಕೊಡಬೇಕು. ಆ ಹುಡುಗನ ಅಪ್ಪ ಹಿಂದೆಯೇ ಬಂದ: ಮಗ ನಿಂತಿರಲಿಲ್ಲ, ಉಸಿರಾಡುತ್ತಿದ್ದ, ಉಸಿರಾಟವೂ ಚಲನೆಯೇ. ವಕೀಲರ ಕಚೇರಿಯ ಅಷ್ಟು ವರ್ಷಗಳಲ್ಲಿ ಅಣ್ಣತಮ್ಮಂದಿರು ಒಂದು ಮೊಳ ಜಾಗಕ್ಕೆ ತಲೆ ಒಡೆದುಕೊಂಡ ಕಾಗದಗಳನ್ನು ರಾಜೀವಿ ಓದಿದ್ದಳು. ಅಲ್ಲಿ ಕನಿಷ್ಠ ಜಾಗವೆಂಬುದೊಂದು ಇತ್ತು. ಹೋಟೆಲಿನಲ್ಲಿ ಟೇಬಲ್ ಒರೆಸುವಾಗ ಕೈ ಎತ್ತಿ ಕೂರುತ್ತಾರಲ್ಲ, ಹಾಗೆ ಕೂತಳು.

ಪ್ರಥಮ್ ಐದನೆಯ ಸಾಲಿನಲ್ಲಿದ್ದ. ಕುತ್ತಿಗೆಯ ನರ ಉಬ್ಬಿತ್ತು. ಸಿಂಚನಾ ಹಗ್ಗದಾಚೆ ತಾನೂ ಮೊಣಕಾಲೂರಿ ಮಗನ ಜೊತೆಜೊತೆಗೆ ತೆವಳುತ್ತಿದ್ದಳು.

"ನಿಧಾನ ಕಣೋ! ಮುಂದೆ ಹೋಗ್ಬೇಡ! ಆ ಹುಡುಗಿ ನಿನಗಿಂತ ಹಿಂದಿದ್ದಾಳೆ ನೋಡು, ಹಿಂದೆ!"

ಹುಡುಗ ಏನೋ ಹೇಳಿದ. ಗದ್ದಲದಲ್ಲಿ ಕೇಳಿಸಲಿಲ್ಲ. ಅವನ ಮುಖ ಕೆಂಪಾದದ್ದನ್ನು ಕಂಡ ವಿನಾಯಕ್ ಇದು ಒಳ್ಳೆಯ ಸಂದರ್ಭವೆಂದು ಬಗೆದು ಮೈಕು ಹಿಡಿದು ಹಾಸಿನ ಮೇಲೆ ಬಂದ. ಹುಡುಗನ ಮೂತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಪುಟ್ಟಾ, ನಿನ್ನ ಉಸಿರು ಈಗ ಎಲ್ಲೈತಿ? ಹೇಳು, ಎಲ್ಲಾರಿಗೂ ಹೇಳು," ಎಂದು ಮೈಕನ್ನು ಬಾಯಿಗೆ ಹಿಡಿದ.

ಪ್ರಥಮ್ ಮೈಕು ಹಿಡಿದ ಕೈಯನ್ನು ಕಚ್ಚಿದ. ಸುಮ್ಮನೆ ಹಲ್ಲು ತಾಗಿಸಿದ್ದಲ್ಲ, ಮಣಿಸರದ ಮೇಲೆಯೇ ಕಚ್ಚಿ ಹಿಡಿದ.

"ಅಯ್ಯಯ್ಯೋ ಯವ್ವಾ! ಬಿಡಲೇ! ಬಿಡಲೇ ಹಲ್ಕಟ್!"

ಗೋದಾಮಿನ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಹುಬ್ಬಳ್ಳಿ ಮೊಳಗಿತು. ಸತ್ತ ಮನೆಯ ಮೆಲುದನಿ ಎಲ್ಲಿ ಹೋಯಿತೋ. ಅಷ್ಟು ಕಾಲದಿಂದ ಊರಿಗೆಲ್ಲ ಮಾರುತ್ತಿದ್ದ 'ಈ ಕ್ಷಣ'ಕ್ಕೆ ಅವನು ಸ್ವತಃ ಬಂದು ತಲುಪಿದ್ದು ಆಗಲೇ. ರಾಜೀವಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು, ಭುಜ ಕುಲುಕಿಸಿ ನಕ್ಕಳು. ತಲೆಯೆತ್ತಿದಾಗ ಕಂಡದ್ದಿಷ್ಟು: ಹುಡುಗ ಹಲ್ಲು ಬಿಟ್ಟಿದ್ದ, ಚಿಪ್ಪು ಒಂದು ಬದಿಗೆ ವಾಲಿತ್ತು, ಸಿಂಚನಾ ಮಗನ ಬೆನ್ನಿಗೆ ಒಂದು ಬಾರಿಸಿ, ಯಾರಾದರೂ ವಿಡಿಯೊ ಮಾಡಿದರೇನೋ ಎಂದು ಸುತ್ತ ನೋಡಿ, ಕೂಡಲೇ ಅವನನ್ನು ಅಪ್ಪಿಕೊಂಡಳು.

ರಾಜೀವಿ ಎದ್ದು ಹೋಗಿ ಹುಡುಗನ ಕೈ ಹಿಡಿದೆಬ್ಬಿಸಿದಳು.

"ಆಂಟಿ, ಅವನು ಮೊದಲು ಸಾರಿ ಕೇಳ್ಬೇಕು."

"ಕೇಳ್ತಾನೆ. ನೀನು ಮೊದಲು ನೆಲದಿಂದ ಏಳು."

ಹೊರಗೆ, ರಸ್ತೆ ದಾಟಿದರೆ ನೀರು. ತಡೆಗೋಡೆಯ ಬಳಿ ನಿಲ್ಲಿಸಿ ಅವನ ಬೆನ್ನಿನ ಸ್ಪಂಜು ಬಿಚ್ಚಿದಳು. ಅವಳಿಗೆ ಅವನ ಮೇಲೂ ಸಿಟ್ಟಿತ್ತು. ಮಕ್ಕಳೆಂದು ರಿಯಾಯಿತಿ ಕೊಡುವ ಪೈಕಿಯಲ್ಲ ಅವಳು.

"ಕಚ್ಚುದು ಮಾತು ಬಾರದ ಪ್ರಾಣಿಗಳು. ನಿನಗೆ ಮೂರು ಭಾಷೆ ಬರ್ತದೆ. ಬೇಡ ಅಂತ ಹೇಳ್ಲಿಕ್ಕೆ ಒಂದರಲ್ಲೂ ಬಾಯಿ ಬರ್ಲಿಲ್ವಾ?"

ಹುಡುಗ ಮೂಗೊರೆಸಿಕೊಂಡು ಅವಳನ್ನೇ ನೋಡಿದ. "ಞಾನ್ ಪರಞ್ಞಲ್ಲೋ," ಎಂದ. ಹೇಳಿದ್ದೆನಲ್ಲ. ಆಮೇಲೆ, ಪ್ರತಿ ವಾರವೂ ಹೇಳಿದ್ದೆ, ಅಮ್ಮನಿಗೂ ಹೇಳಿದ್ದೆ ಎಂದ. ಕೊನೆಗೆ ದೂರಿನ ದನಿಯೇ ಇಲ್ಲದೆ, "ಟೀಚರೋಡುಂ ಪರಞ್ಞು." ಟೀಚರಿಗೂ ಹೇಳಿದ್ದೆ.

ಜೀವನವಿಡೀ ಬೇರೆಯವರ ಶಬ್ದಗಳನ್ನು ತೂಗಿ ತೂಗಿ ಇನ್ನೊಂದು ಭಾಷೆಗೆ ದಾಟಿಸಿದವಳು ಆ "ವೇಂಡ"ವನ್ನು ಬಾಗಿಲ ಸದ್ದೆಂದು ಬಿಟ್ಟಿದ್ದಳು. ಇಷ್ಟು ಸಣ್ಣ, ಇಷ್ಟು ಸ್ಪಷ್ಟ ಶಬ್ದ. ಅದಕ್ಕೆ ಇನ್ನೊಂದು ಅರ್ಥವೇ ಇಲ್ಲ. ಒಳಗೆ ಕೂಗುತ್ತಿದ್ದವರ ಸಾಲಿನಲ್ಲಿ ತನ್ನದೂ ಒಂದು ಕುರ್ಚಿ ಇತ್ತೆಂಬುದು ಅವಳಿಗೆ ಸಿಡುಕು ತರಿಸಿತು, ಆ ಕುರ್ಚಿ ಮುಂದಿನ ಸಾಲಿನದಾಗಿತ್ತು ಬೇರೆ. ಕ್ಷಮಿಸು ಎನ್ನುವ ಅಭ್ಯಾಸ ಅವಳಿಗಿರಲಿಲ್ಲ. "ಸರಿ," ಎಂದಳು. "ಇನ್ನು ನೀನು ಬರುದು ಬೇಡ."

"ಸತ್ಯಂ?"

"ಸತ್ಯ."

ದೂರದಲ್ಲಿ ದೊಡ್ಡ ಹಡಗೊಂದು ಬಂದರಿನ ಕಡೆ ತಿರುಗುತ್ತಿತ್ತು. ಅದು ಹೋಗುತ್ತಿದೆಯೋ ನಿಂತಿದೆಯೋ ಎಂದು ಹುಡುಗ ಕೇಳಿದ. ರಾಜೀವಿ ಕಣ್ಣು ಕಿರಿದು ಮಾಡಿ ನೋಡಿದಳು. ಗೊತ್ತಾಗುವುದಿಲ್ಲ ಎಂದಳು. ಇಬ್ಬರೂ ನೋಡುತ್ತ ನಿಂತರು. ಹಡಗಿನ ಮೂತಿ ಆಚೆ ದಡದ ತೆಂಗಿನ ಮರವೊಂದನ್ನು ಮರೆಮಾಡಿ, ಆಮೇಲೆ ಇನ್ನೊಂದನ್ನು ಮರೆಮಾಡಿದಾಗ ಹುಡುಗ "ಹೋಗ್ತಿದೆ!" ಎಂದ, ಕನ್ನಡದಲ್ಲಿ.

ಅವರು ಮರಳುವಾಗ ಓಟ ಪುನಃ ಶುರುವಾಗಿತ್ತು. ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡ ವಿನಾಯಕ್ ಮತ್ತೆ ಮೆಲುದನಿಗೆ ಇಳಿದಿದ್ದ. ಪ್ರಥಮ್ ಸಾರಿ ಕೇಳಿದ, ವಿನಾಯಕ್ ಅವನ ತಲೆ ಸವರಿದ, ನಾಲ್ಕೈದು ಮೊಬೈಲುಗಳು ಅದನ್ನು ಹಿಡಿದುಕೊಂಡವು. ರಾಜೀವಿ ತನ್ನ ಕೈಚೀಲ ಎತ್ತಿಕೊಂಡು, ಯಾರಿಗೂ ಹೇಳದೆ, ಸಂಜೆಯ ರೈಲಿಗೆ ತಿರುವನಂತಪುರಕ್ಕೆ ಹೊರಟಳು.

ಮರುದಿನ ಸ್ಲೋ ಕಬ್ಸ್‌ನ ಹೊಸ ಪೋಸ್ಟರ್ ಬಂತು. ಬ್ಯಾಂಡೇಜಿನ ಕೈಯ ಚಿತ್ರ, ಅದರಡಿ: 'ಪ್ರತಿ ಕಡಿತದ ಹಿಂದೆ ಒಂದು ಉಸಿರಿದೆ.' ರಾಜೀವಿ ಕೂಡಲೇ ಫೋನ್ ಮಾಡಿದಳು.

"ವಿನಾಯಕ್, ನಿನ್ನ ಕೈ ಹೇಗುಂಟು?"

"ಆರಾಮ ಐತ್ರಿ ಮೇಡಂ. ಅಷ್ಟೇನೂ ಆಳಕ್ಕ ಹೋಗಿಲ್ಲ."

"ಹಾಗಾದ್ರೆ ಅವ ಸರಿಯಾಗಿ ಕಚ್ಚಲಿಲ್ಲ," ಎಂದು ಇಟ್ಟಳು. ಅವನೊಡನೆ ಅವಳ ಕೊನೆಯ ಮಾತು ಅದು. ವಿನಾಯಕನಿಗೇನೂ ನಷ್ಟವಾಗಲಿಲ್ಲ. ಅಂಥವರಿಗೆ ಆಗುವುದಿಲ್ಲ. ಕೋಯಿಕ್ಕೋಡಿನಲ್ಲಿ ಮೂರನೆಯ ಶಾಖೆ ತೆರೆದನೆಂದು ಆಮೇಲೆ ಗೊತ್ತಾಯಿತು, ಈಗ ದೊಡ್ಡವರಿಗೂ ಬ್ಯಾಡ್ಜ್ ಉಂಟಂತೆ.

ಸಿಂಚನಾಳಿಗೂ ಅವಳು ಫೋನ್ ಮಾಡಿ, ಹುಡುಗನಿಗೆ ಬೇಡವಂತೆ, ಬಿಟ್ಟುಬಿಡು ಎಂದು ಹೇಳಿದಳು.

"ಯೋಗ ಬೇಡ್ವಂತಾ ಆಂಟಿ? ಹಾಗಾದ್ರೆ ಚೆಸ್‌ಗೆ ಹಾಕ್ಲಾ? ಅದರಲ್ಲೂ ಫೋಕಸ್ ಬರುತ್ತೆ."

ರಾಜೀವಿ ಫೋನನ್ನು ಕಿವಿಯಿಂದ ದೂರ ಹಿಡಿದು ಅದರ ಮುಖ ನೋಡಿದಳು. "ಅವನಿಗೆ ಫೋಕಸ್ ಉಂಟು. ಕಚ್ಚುವಾಗ ನೋಡ್ಲಿಲ್ವಾ? ಇಲ್ಲದ್ದು ನಿನಗೆ. ಕಲಿಯುದಿದ್ದರೆ ನೀನು ಬಾ."

ಬರುತ್ತಾಳೆಂದು ಅವಳು ಎಣಿಸಿರಲಿಲ್ಲ. ಬರಲೆಂದೂ ಇರಲಿಲ್ಲ. ಆದರೆ ತಿಂಗಳು ಕಳೆದು ಒಂದು ಭಾನುವಾರ ಬೆಳಿಗ್ಗೆ ಉಳ್ಳೂರಿನ ಮನೆಯ ಮುಂದೆ ಸ್ಕೂಟರು ನಿಂತಿತು. ಸಿಂಚನಾ ಒಬ್ಬಳೇ ಬಂದಿದ್ದಳು. ಮಗ ಮನೆಯಲ್ಲಿ ಅಪ್ಪನ ಜೊತೆ ಇದ್ದಾನೆ, ಏನೂ ಮಾಡದೆ ಬಿದ್ದುಕೊಂಡಿದ್ದಾನೆ, ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದಳು. ಹೇಳುತ್ತ ಹೇಳುತ್ತ ಹೆಲ್ಮೆಟ್ಟನ್ನೂ ತೆಗೆಯದೆ ಅತ್ತಳು. ಗಣೇಶಪ್ರಸಾದ್ ಪೇಪರು ಮಡಚಿ ಒಳಗೆ ಹೋದ.

ಮಹಡಿಯ ಕೋಣೆಯಲ್ಲಿ ರಾಜೀವಿ ಅವಳಿಗೆ ಚಾಪೆ ಹಾಸಿಕೊಟ್ಟಳು. ಕಾಲು ಮಡಚಲು ಬರಲಿಲ್ಲ. ಬೆನ್ನು ಬಗ್ಗಲಿಲ್ಲ. ಬೆಕ್ಕು ಮಾಡಹೋದರೆ ಮೇಜು ನಿಂತ ಹಾಗಿತ್ತು. ಪ್ರತಿಯೊಂದಕ್ಕೂ "ಹೀಗಾ ಆಂಟಿ? ಕರೆಕ್ಟಾ?" ಎಂದು ತಿರುಗಿ ನೋಡುವುದು. ಇಷ್ಟು ದಡ್ಡ ಶರೀರವನ್ನು ತಾನು ಕಂಡದ್ದೇ ಇಲ್ಲವೆಂದು ರಾಜೀವಿ ಹೇಳಿಯೇ ಹೇಳಿದಳು. ಆದರೂ ಸಿಂಚನಾ ಮುಂದಿನ ಭಾನುವಾರವೂ ಬಂದಳು, ಅದರ ಮುಂದಿನದಕ್ಕೂ.

ಆ ಮೂರನೆಯ ಭಾನುವಾರ ಮೊಸಳೆ ಹೇಳಿಕೊಟ್ಟಳು. ಕವುಚಿ ಮಲಗಿ, ಮಡಚಿದ ತೋಳುಗಳ ಮೇಲೆ ಹಣೆಯಿಟ್ಟು, ಹೊಟ್ಟೆ ನೆಲವನ್ನು ಒತ್ತುವುದನ್ನು ಗಮನಿಸುತ್ತ ಇರುವುದು. ಬೇರೇನೂ ಮಾಡಲಿಕ್ಕಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ರಾಜೀವಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಬಾಯಿ ತೆರೆದಿತ್ತು, ಚಾಪೆಯ ಮೇಲೆ ಜೊಲ್ಲು ಇಳಿಯುತ್ತಿತ್ತು. ಯಾವನಾದರೂ ಮೂರ್ಖ ಇದನ್ನೂ ಸಾಧನೆಯೆಂದು ಕರೆದಾನು ಎಂದುಕೊಂಡಳು. ಸೆಕೆಯಿತ್ತು. ಫ್ಯಾನನ್ನು ಒಂದು ಸುತ್ತು ಜೋರು ಮಾಡಿ, ಬಾಗಿಲನ್ನು ಎಳೆದುಕೊಂಡು, ಚಾ ಇಡಲು ಕೆಳಗಿಳಿದಳು.